ಒಂದು ಗೇಣು ಸರಿದ ದೀಪ

ಮೈಸೂರು ರಾಜ್ಯಕ್ಕೆ ನಾವು ಸೇರಿ ಸ್ವಲ್ಪವೇ ಕಾಲವಾಗಿದ್ದು, ಹಿರಿಯರ ಬಾಯಲ್ಲಿ ಇನ್ನೂ ‘ಮುಂಬಯಿ ಸರಕಾರ’ ಎಂದೇ ಬರುತ್ತಿದ್ದ ದಿನಗಳವು. ಅಂಕೋಲೆಯಿಂದ ಕೇಣಿಯ ಕಡೆಗೆ ಬರುವ ದಾರಿಯಲ್ಲಿ ಕೆಂಪು ಮಣ್ಣೇ ಇತ್ತು, ಡಾಂಬರು ಇರಲಿಲ್ಲ. ಮಳೆಗಾಲವೆಂದರೆ ಮನೆಯೊಳಗೆ ಒಣಮೀನು ಸುಟ್ಟ ವಾಸನೆ, ಗಂಜಿಯ ಆವಿ, ಒಲೆಯ ಮೇಲಿನ ಬಿದಿರ ತಟ್ಟಿಯಲ್ಲಿ ಒಣಗದೇ ಹೊಗೆ ಹಿಡಿದ ಬಟ್ಟೆ. ಹುಡುಗರು ನಾವು ಗದ್ದೆಯ ಅಂಚಿನಲ್ಲಿ ಏಡಿ ಬಿಲಕ್ಕೆ ಕಡ್ಡಿ ಚುಚ್ಚುತ್ತ ದಿನ ಕಳೆಯುತ್ತಿದ್ದೆವು. ನಿಮ್ಮಲ್ಲಿ ಅನೇಕರಿಗೆ ಇಂಥ ನೆನಪು ಇದ್ದೀತು. ಆದರೆ ನಾನು ಹೇಳಲು ಕೂತದ್ದು ಏಡಿಯ ಕಥೆಯಲ್ಲ.

ನಮ್ಮ ಕಡೆಯ ಶಾಸಕರಾಗಿದ್ದ ಹಮ್ಮಣ್ಣ ಒಡೆಯರು ತೀರಿಕೊಂಡು ಬಹಳ ವರ್ಷವಾಯಿತು. ಈಗ ಅವರ ನೂರನೆಯ ಹುಟ್ಟುಹಬ್ಬ. ಹೆದ್ದಾರಿಯ ಬದಿಯಲ್ಲಿ ಅವರ ಹೆಸರಿನ ಸಭಾಭವನ ಎದ್ದಿದೆ, ಸ್ಮರಣ ಸಂಚಿಕೆ ಅಚ್ಚಾಗುತ್ತಿದೆ. ಸಮಿತಿಯವರು ನನ್ನ ಮನೆಗೆ ಬಂದು, “ಪ್ರಸಾದದ ದಿನ ಗರ್ಭಗುಡಿಯಲ್ಲಿ ಇದ್ದವರಲ್ಲಿ ಉಳಿದದ್ದು ನೀವೊಬ್ಬರೇ, ಎರಡು ಪುಟ ಬರೆದು ಕೊಡಿ” ಎಂದು ಕೇಳಿದರು. ಬರೆದು ಕೊಟ್ಟೆ. ಓದಿದವರು ಮರುದಿನವೇ ತಿರುಗಿ ತಂದಿಟ್ಟು, “ಇದನ್ನ ಹಾಕುಕೆ ಆಗುದಿಲ್ಲ ಅಜ್ಜ, ದೇವಿ ಮಾನದ ಪ್ರಶ್ನೆ” ಎಂದರು. ದೇವಿಯ ಮಾನ ಇಂಥದರಿಂದ ಹೋಗುವಂಥದಲ್ಲ. ಹೋಗುವುದು ನನ್ನದು. ಹೋಗಲಿ. ಎಂಬತ್ತರ ಹತ್ತಿರ ಬಂದಿದ್ದೇನೆ, ಇನ್ನು ಅದನ್ನು ಇಟ್ಟುಕೊಂಡು ಏನು ಮಾಡಬೇಕು? ಅದೇ ಬರಹವನ್ನು ಇನ್ನಷ್ಟು ಬಿಡಿಸಿ ಇಲ್ಲಿ ಬರೆದಿದ್ದೇನೆ.

ನಮ್ಮದು ಗುನಗರ ಮನೆ. ಸುತ್ತಲಿನ ನಾಲ್ಕು ಊರಿಗೆ ಒಬ್ಬಳೇ ದೇವಿ, ಅವಳ ಪೂಜೆ ನಮ್ಮ ಮನೆತನದ್ದು. ಪೂಜೆಯ ಜೊತೆಗೆ ಇನ್ನೊಂದು ಕೆಲಸವೂ ಇತ್ತು, ಪ್ರಸಾದ ಕೇಳುವುದು. ಮದುವೆಯಾಗಲಿ, ಬಾವಿಯಾಗಲಿ, ಕಳೆದುಹೋದ ಎಮ್ಮೆಯಾಗಲಿ, ಜನ ದೇವಿಯನ್ನು ಕೇಳುತ್ತಿದ್ದರು. ದೇವಿಯ ಕಲ್ಲಿಗೆ ಬಲಕ್ಕೊಂದು ಎಡಕ್ಕೊಂದು ಅಬ್ಬಲಿಗೆ ಹೂವನ್ನು ನೀರಿನಲ್ಲಿ ಅದ್ದಿ ಅಂಟಿಸಬೇಕು. ಬಲದ ಹೂ ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ಹೂ ಬೀಳುವವರೆಗೆ ಗುನಗ ಹನಿ ನೀರೂ ಕುಡಿಯುವಂತಿಲ್ಲ, ಕೂರುವಂತಿಲ್ಲ. ಅಪ್ಪ ಗಂಟೆ ಹಿಡಿದು ನಿಂತರೆ ನಾನು ಹೂವಿನ ಬುಟ್ಟಿ, ಎಣ್ಣೆಯ ಗಿಂಡಿ ಹಿಡಿದು ಅವನ ಕಾಲ ಬಳಿ ಕೂರುತ್ತಿದ್ದೆ.

ಹಮ್ಮಣ್ಣ ಒಡೆಯರು ನಾಲ್ಕೂರಿನ ದೊಡ್ಡ ಜಮೀನುದಾರರು. ಕೆಟ್ಟವರೆಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಕುಡಿತವಿಲ್ಲ, ಸುಳ್ಳಿಲ್ಲ. ಕಾಯಿಲೆ ಬಿದ್ದ ಒಕ್ಕಲಿನ ಮನೆಗೆ ತಾವೇ ಅಕ್ಕಿ ಹೊರಿಸಿಕೊಂಡು ಹೋಗುವವರು. ಆದರೆ ಇದ್ದದ್ದು ಇದ್ದಲ್ಲೇ ಇರಬೇಕು ಅವರಿಗೆ. ಒಡೆಯ ಒಡೆಯನ ಜಾಗದಲ್ಲಿ, ಒಕ್ಕಲು ಒಕ್ಕಲಿನ ಜಾಗದಲ್ಲಿ, ಹೆಂಗಸು ಒಳಗೆ, ಕೇರಿಯವರು ಅಂಗಳದಲ್ಲಿ.

ವಿಠೋಬ ಮಾಸ್ತರರು ಬೇರೆ ಥರ. ಊರವರೇ ಕಟ್ಟಿದ ನಾಲ್ಕು ಇಯತ್ತೆಯ ಶಾಲೆಗೆ ಅವರೊಬ್ಬರೇ ಮಾಸ್ತರರು. ಅದನ್ನು ಏಳರವರೆಗೆ ಮಾಡಬೇಕು ಎಂಬ ಹಟ ಅವರಿಗೆ. ಆ ವರ್ಷ ತಾಲೂಕು ಬೋರ್ಡಿಗೆ ಚುನಾವಣೆ ಬಂತು. ನಾಲ್ಕೂರಿಗೆ ಒಬ್ಬ ಸದಸ್ಯ. ಮಾಸ್ತರರು ಮಳೆಯಲ್ಲಿ ಕೊಡೆ ಹಿಡಿದು ಮನೆ ಮನೆಗೆ ಹೋಗಿ ಹೆಂಗಸರ ಹೆಸರು ಬರೆಸಿಕೊಂಡರು. ಹಿಂದಿನ ಸಲ ‘ಇಂಥವನ ಹೆಂಡತಿ’ ಎಂದು ಬರೆಸಿದವರ ಹೆಸರೆಲ್ಲ ಪಟ್ಟಿಯಿಂದ ಬಿಟ್ಟುಹೋಗಿತ್ತು. ನಮ್ಮ ಜಗಲಿಗೆ ಬಂದು ಕೂತದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ.

“ಹೆಸ್ರು ಹೇಳು ತಂಗಿ,” ಎಂದರು ಅವ್ವಿಗೆ, ನನ್ನ ತಾಯಿಗೆ.

“ಗುನಗರ ಹೆಂಡ್ತಿ ಹೇಳಿ ಬರ್ಕೊಳ್ಳಿ,” ಎಂದಳು ಅವ್ವಿ, ಬಾಗಿಲ ಹಿಂದಿನಿಂದ.

“ಗುನಗರ ಹೆಂಡ್ತಿಗೆ ಓಟಿಲ್ಲ. ಹೆಸ್ರಿದ್ದವ್ರಿಗೆ ಮಾತ್ರ.”

ಅವ್ವಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಆಮೇಲೆ, “ನಾಗಮ್ಮ,” ಎಂದಳು. “ಯಾರೂ ಕರೀದೆ ಮರ್ತೇ ಹೋಗಿತ್ರಾ.”

ಅದೇ ಸಂಜೆ ತನ್ನ ಮದುವೆಯ ಸೀರೆ ತೆಗೆದು, ತಾಮ್ರದ ತಂಬಿಗೆಗೆ ಕೆಂಡ ತುಂಬಿ, ಅದರ ಬುಡದಿಂದ ಒತ್ತಿ ಒತ್ತಿ ಇಸ್ತ್ರಿ ಮಾಡಿದಳು. ಓಟಿನ ದಿನ ಉಡಲಿಕ್ಕೆ. ಬಿಸಿ ಬಟ್ಟೆಯ ವಾಸನೆ, ಅದರ ಮಡಿಕೆಯೊಳಗಿದ್ದ ಒಣ ಸುರಗಿ ಹೂವಿನ ವಾಸನೆ, ಎರಡೂ ಕೂಡಿ ಮನೆ ತುಂಬ ಹರಡಿತ್ತು.

ಇನ್ನು ನನ್ನ ಸಂಗತಿ. ನಾನಾಗ ನಾಲ್ಕನೆಯ ಇಯತ್ತೆ, ಹತ್ತು ವರ್ಷ. ನಮ್ಮ ತರಗತಿಯಲ್ಲಿ ಬುದವಂತ ಎಂಬ ಹುಡುಗನಿದ್ದ, ಊರಾಚೆಯ ಕೇರಿಯವನು. ಗೋಲಿಯಾಟದಲ್ಲಿ ಅವನನ್ನು ಮೀರಿಸುವವರಿಲ್ಲ. ನೀರು ಕುಡಿಯುವಾಗ ಮಾತ್ರ ಅವನು ಮೆಟ್ಟಿಲ ಕೆಳಗೆ ಬೊಗಸೆ ಒಡ್ಡಿ ನಿಲ್ಲಬೇಕು, ಪಾಳಿಯ ಹುಡುಗ ಮೇಲಿನಿಂದ ನೀರು ಬಿಡಬೇಕು. ಒಂದು ದಿನ ನನ್ನ ಪಾಳಿ. ಮೇಲಿನಿಂದ ಬಿಡುತ್ತಿದ್ದೆ. ಮಾಸ್ತರರು ಬಾಗಿಲಲ್ಲಿ ನಿಂತು, “ತಂಬಿಗೆ ಅವನ ಕೈಗೆ ಕೊಡು ದೇವು,” ಎಂದರು.

“ನಾ ಗುನಗರ ಮನೆಯವ, ಮಾಸ್ತರೆ,” ಎಂದೆ. “ಇದು ದೇವಿಗೆ ನೀರು ಹೊರೂ ಕೈ.”

“ನನಗೂ ಅದೇ ಕೈ ಬೇಕು.”

ಕೊಟ್ಟೆ. ಬುದವಂತ ತಂಬಿಗೆಗೆ ಬಾಯಿ ಹಚ್ಚಿ ಗಟಗಟ ಕುಡಿದ. ಮಾಸ್ತರರು, “ಈಗ ನೀನು,” ಎಂದರು. ಇಡೀ ಶಾಲೆ ನೋಡುತ್ತಿತ್ತು. ಬುದವಂತ ತುಟಿ ಒರೆಸಿಕೊಂಡು, “ಕುಡಿಯಾ ಭಟ್ಟಾ, ಸಿಹಿ ಆಗ್ಯದೆ,” ಎಂದು ಕಿಸಕ್ಕನೆ ನಕ್ಕ. ಹುಡುಗರೆಲ್ಲ ನಕ್ಕರು. ನಾನು ಕುಡಿದೆ. ಮನೆಗೆ ಹೋಗಿ ಬಾವಿಕಟ್ಟೆಯಲ್ಲಿ ಬೂದಿ ಹಾಕಿ ಬಾಯಿ ತೊಳೆದೆ. ಹತ್ತು ವರ್ಷದ ನಾನು ಆಗ ಹಮ್ಮಣ್ಣ ಒಡೆಯರಿಗಿಂತ ಒಂದು ಕೂದಲೂ ಕಡಿಮೆ ಇರಲಿಲ್ಲ.

ಒಡೆಯರೂ ಮಾಸ್ತರರೂ ಇಬ್ಬರೂ ನಿಲ್ಲುವವರೆಂದು ಗೊತ್ತಾದಾಗ ಊರ ಹಿರಿಯರಾದ ಹತ್ತು ಸಮಸ್ತರು ಸೇರಿದರು. ಒಬ್ಬಳೇ ದೇವಿಯ ಮಕ್ಕಳು ಎರಡು ಪಕ್ಷವಾಗಬಾರದು, ದೇವಿಯನ್ನೇ ಕೇಳೋಣ, ಬಲದ ಹೂ ಬಿದ್ದರೆ ಒಡೆಯರು, ಎಡದ್ದು ಬಿದ್ದರೆ ಮಾಸ್ತರರು, ಇನ್ನೊಬ್ಬರು ಹಿಂದೆ ಸರಿಯಬೇಕು ಎಂದರು. ಒಡೆಯರು ಕೂಡಲೇ ಕೈ ಮುಗಿದು ಒಪ್ಪಿದರು. ಅವರ ಭಕ್ತಿಯಲ್ಲಿ ಕಪಟವಿರಲಿಲ್ಲ. ಮಾಸ್ತರರು ಯೋಚಿಸಲು ಎರಡು ದಿನದ ಸಮಯ ಕೇಳಿದರು. ಅವರಿಗೆ ಹೂವಿನಲ್ಲಿ ನಂಬಿಕೆ ಇರಲಿಲ್ಲ. ಆದರೂ ಒಪ್ಪಿದ್ದೇಕೆಂದು ಅಪ್ಪನ ಹತ್ತಿರ ಹೇಳಿದ್ದನ್ನು ನಾನು ಕೇಳಿದ್ದೇನೆ. “ಗುನಗರೆ, ನನ್ನ ಹಿಂದೆ ನಿಂತ ಒಕ್ಕಲಿನವರ ಗದ್ದೆ ಹೋಗ್ತದೆ. ದೇವಿ ಹೆಸರಲ್ಲಿ ಆದ್ರೆ ಯಾರ ಮೇಲೂ ಯಾರಿಗೂ ಸಿಟ್ಟಿಲ್ಲ.”

ಆ ವರ್ಷ ನವರಾತ್ರಿ ದಾಟಿದರೂ ಮಳೆ ಬಿಟ್ಟಿರಲಿಲ್ಲ. ಪ್ರಸಾದದ ದಿನ ಬೆಳಗ್ಗೆ ನಾನು ಕೊಯ್ದ ಅಬ್ಬಲಿಗೆ ಬುಟ್ಟಿಯಲ್ಲೇ ತೊಯ್ದು ತೊಪ್ಪೆಯಾಗಿತ್ತು. ಗುಡಿಯ ಒಳಗೆ ಹತ್ತು ಸಮಸ್ತರು, ಒಡೆಯರು, ಮಾಸ್ತರರು. ಸೂರಿನ ಕೆಳಗೆ ಒಕ್ಕಲಿನವರು. ಅಂಗಳದಲ್ಲಿ ಕಂಬಳಿಕೊಪ್ಪೆ ಹೊದ್ದು ಕೇರಿಯವರು. ಒದ್ದೆ ಕಂಬಳಿಯ ನಾತ ಗರ್ಭಗುಡಿಯವರೆಗೂ ಬರುತ್ತಿತ್ತು.

ಅಪ್ಪ ಹೂ ಅಂಟಿಸಿ, ಗಂಟೆ ಎತ್ತಿ, ದೊಡ್ಡ ದನಿಯಲ್ಲಿ ಹೇಳಿದ. “ತಾಯೆ, ಹತ್ತು ಸಮಸ್ತರು ಕೂಡಿ ಬಂದಿದ್ರು. ಒಡೆಯರು ಹೇಳಾದ್ರೆ ಬಲದ ಹೂ ಕೊಡು. ಮಾಸ್ತರು ಹೇಳಾದ್ರೆ ಎಡದ್ದು ಕೊಡು. ಮಕ್ಕಳನ್ನ ಕಾಯ್ಸಬೇಡ.”

ಮೊದಲ ಸಲ ಎರಡೂ ಹೂ ಒಟ್ಟಿಗೆ ಜಾರಿದವು. ಲೆಕ್ಕಕ್ಕಿಲ್ಲ. ಎರಡನೆಯ ಸಲ ಎರಡೂ ಬೀಳಲಿಲ್ಲ. ಗಾಳಿಯಲ್ಲೇ ನೀರು. ಒದ್ದೆ ಹೂ ಒದ್ದೆ ಕಲ್ಲಿಗೆ ಕಚ್ಚಿಕೊಂಡಿತ್ತು. ಮಧ್ಯಾಹ್ನವಾಯಿತು. ಊಟದ ಹೊತ್ತು ಮೀರಿತು. ಅಪ್ಪ ಹಿಂದಿನ ಸಂಜೆಯಿಂದ ಏನೂ ತಿಂದಿರಲಿಲ್ಲ. ಗಂಟೆಯ ಸದ್ದು ಒಂದೊಂದು ಸಲ ತಪ್ಪುತ್ತಿತ್ತು. “ತಾಯೆ, ಕಾಯ್ಸಬೇಡ,” ಎನ್ನುವ ಮಾತು ತುಟಿಯಲ್ಲೇ ಉಳಿಯುತ್ತಿತ್ತು.

“ದೀಪ ನೋಡು ತಮಾ,” ಎಂದ ಅಪ್ಪ, ನನ್ನ ಕಡೆ ತಿರುಗದೆ.

ದೇವಿಯ ಕಲ್ಲು ಮೊಣಕಾಲೆತ್ತರ. ಅದರ ಎದುರಿಗೆ ನಟ್ಟನಡುವೆ ಅಷ್ಟೇ ಎತ್ತರದ ಕಾಲುದೀಪ. ನಾನು ದೀಪವನ್ನು ಹತ್ತಿರ ಎಳೆದುಕೊಂಡು ಎಣ್ಣೆ ಹೊಯ್ದೆ. ಮತ್ತೆ ಇಡುವಾಗ ಇದ್ದಲ್ಲಿ ಇಡಲಿಲ್ಲ. ದೇವಿಯ ಬಲಕ್ಕೆ ಒಂದು ಗೇಣು ಸರಿಸಿ, ಕಲ್ಲಿಗೆ ಹತ್ತಿರ ಇಟ್ಟೆ. ಆ ಬದಿಯ ಎರಡು ಬತ್ತಿಗಳನ್ನು ಕಡ್ಡಿಯಿಂದ ಮುಂದಕ್ಕೆ ದೂಡಿದೆ. ಉರಿ ಎದ್ದಿತು. ಯಾರೂ ದೀಪ ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ಹೂವಿನ ಮೇಲೆ. ನಾನೂ ನೋಡುತ್ತ ಕೂತೆ. ಬಲದ ಹೂವಿನ ಅಂಚು ಮೆಲ್ಲಗೆ ಮುದುಡಿತು. ಅದರ ಸುತ್ತ ಕಲ್ಲಿನ ಒದ್ದೆ ಆರಿ ಬೆಳ್ಳಗಾಯಿತು. ಅಪ್ಪ ಇನ್ನೊಮ್ಮೆ “ತಾಯೆ” ಎನ್ನುವಷ್ಟರಲ್ಲಿ ಹೂ ಕಳಚಿ ಬಿತ್ತು.

ಕೂಗು, ಶಂಖ, ಜಾಗಟೆ. ಒಡೆಯರು ಅಡ್ಡಬಿದ್ದರು. ಎದ್ದಾಗ ಅವರ ಕಣ್ಣಲ್ಲಿ ನೀರು. ಮಾಸ್ತರರು ಮುಂದೆ ಬಂದು ಕೈಯೊಡ್ಡಿ ತೀರ್ಥ ತೆಗೆದುಕೊಂಡರು. ಅವರ ಕಡೆಯವನೊಬ್ಬ, “ಇನ್ನೊಂದ್ಸಲ ಕೇಳ್ವ ಮಾಸ್ತರೆ, ಮೊದ್ಲಿಂದು ಎರಡೂ ಬಿದ್ದಿತ್ತು,” ಎಂದ. ಮಾಸ್ತರರು, “ಒಪ್ಪಿದ ಮಾತು ಒಪ್ಪಿದ್ದೇ,” ಎಂದು ಹೊರಗೆ ನಡೆದರು. ಕೊಡೆ ಒಳಗೇ ಮರೆತಿದ್ದರು.

ಅಪ್ಪ ಗೋಡೆಗೆ ಒರಗಿ ಕೂತು ಎಳನೀರು ಕುಡಿದ. “ತಾಯಿ ಉಳ್ಸಿದಳು ಮಗಾ,” ಎಂದ. ನಾನು ದೀಪವನ್ನು ಎತ್ತಿ ನಡುವೆ ಇಟ್ಟೆ. ಆ ಸಂಜೆ ಒಡೆಯರ ಮನೆಯಲ್ಲಿ ನಾಲ್ಕೂರಿಗೆ ಊಟ. ಕಡಲೆಬೇಳೆ ಪಾಯಸವನ್ನು ನಾನು ಮೂರು ಸಲ ಹಾಕಿಸಿಕೊಂಡೆ.

ಎದುರಾಳಿ ಇಲ್ಲದ್ದರಿಂದ ಒಡೆಯರು ಅವಿರೋಧವಾಗಿ ಆರಿಸಿ ಬಂದರು. ಮತಪೆಟ್ಟಿಗೆ ಊರಿಗೆ ಬರಲೇ ಇಲ್ಲ. ಅವ್ವಿ ನಾಲ್ಕಾರು ದಿನ ಅಪ್ಪನನ್ನು, “ಓಟು ಯಾವಾಗ?” ಎಂದು ಕೇಳುತ್ತಿದ್ದಳು. “ಮುಗೀತಲ್ಲೆ, ತಾಯಿನೇ ಹಾಕಿದ್ಲಲ್ಲ,” ಎಂದ ಅಪ್ಪ. ಅವ್ವಿ ಸೀರೆಯನ್ನು ತಿರುಗಿ ಪೆಟ್ಟಿಗೆಯಲ್ಲಿಟ್ಟಳು. “ತಾಯಿ ಹೆಸ್ರೂ ಪಟ್ಟಿಲಿ ಇತ್ತಾ?” ಎಂದು ಕೇಳಿ ಒಲೆಯ ಕಡೆ ಹೋದಳು.

ಅಪ್ಪನ ಹಸಿವಿಗಾಗಿ ಹಾಗೆ ಮಾಡಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಹಸಿವೊಂದೇ ಆಗಿದ್ದರೆ ದೀಪವನ್ನು ಎಡಕ್ಕೂ ಸರಿಸಬಹುದಿತ್ತು. ನಾನು ಕೂತಲ್ಲಿಂದ ಎರಡೂ ಬದಿ ಕೈಗೆ ಅಷ್ಟೇ ದೂರ. ಬಲಕ್ಕೆ ಸರಿಸಿದ್ದು ಆ ತಂಬಿಗೆಯ ನೀರಿಗಾಗಿ. ಮಾಸ್ತರರು ಸೋಲಬೇಕು ಎಂದು ನನಗೆ ಬೇಕಿತ್ತು. ಚಿಕ್ಕವನಿದ್ದೆ, ತಿಳಿಯದೆ ಆಯಿತು ಎಂದು ಯಾರೂ ನನ್ನ ಪರ ಹೇಳುವುದು ಬೇಡ. ತಿಳಿದಿತ್ತು.

ಆಮೇಲಿನದು ನಿಮಗೆಲ್ಲ ಗೊತ್ತಿರುವ ಕಥೆ. ತಾಲೂಕು ಬೋರ್ಡಿನಿಂದ ಒಡೆಯರು ವಿಧಾನಸಭೆಗೆ ಹೋದರು. ನಾಲ್ಕು ಸಲ ಶಾಸಕರು. ಬಾಳೆಗುಳಿಯಿಂದ ಕಾರವಾರದ ತನಕ ಯಾವ ಸಭೆಯಲ್ಲಿ ನಿಂತರೂ ಅವರ ಮೊದಲ ಮಾತು ಒಂದೇ: “ನಾನಾಗಿ ನಿಂತವನಲ್ಲ, ತಾಯಿ ನಿಲ್ಲಿಸಿದ್ದಾಳೆ.” ಉಳುವವರಿಗೆ ಭೂಮಿ ಕೊಡುವ ಕಾನೂನು ಬಂದಾಗ, ಒಡೆಯ ಒಕ್ಕಲಿನ ಸಂಬಂಧ ತಂದೆ ಮಕ್ಕಳದ್ದು, ಅದರ ನಡುವೆ ಸರಕಾರ ಬರಬಾರದು ಎಂದು ವಿರೋಧಿಸಿದರು. ದೇವಿಯ ಮನುಷ್ಯ ಹೀಗೆ ಹೇಳುವಾಗ ಅರ್ಜಿ ಹಾಕಬಾರದೆಂದು ಎಷ್ಟೋ ಒಕ್ಕಲಿನವರು ಸುಮ್ಮನಿದ್ದು ಗದ್ದೆ ಕಳೆದುಕೊಂಡರು. ಊರ ಶಾಲೆ ನಾಲ್ಕಕ್ಕೇ ನಿಂತಿತು. ಮಾಸ್ತರರು ಮರುವರ್ಷವೇ ಕಾರವಾರದ ಕಡೆ ಹೋದರು, ಅಲ್ಲೇ ತೀರಿಕೊಂಡರು. ನಾನು ಅಂಕೋಲೆಗೆ ನಡೆದುಹೋಗಿ ಎಸ್.ಎಸ್.ಎಲ್.ಸಿ. ಮುಗಿಸಿದೆ. ಬುದವಂತ ಆ ವರ್ಷವೇ ಶಾಲೆ ಬಿಟ್ಟು ಒಡೆಯರ ಎಮ್ಮೆ ಕಾಯಲು ಹೋದ.

ಇನ್ನೂ ಇದೆ. ಅಪ್ಪನಿಗೆ ಗಂಟೆ ಹಿಡಿದು ನಿಲ್ಲಲು ಆಗದಂತಾದ ಮೇಲೆ ನಾನೇ ಗುನಗನಾದೆ. ಪ್ರತಿ ಚುನಾವಣೆಗೂ ಒಡೆಯರು ಪ್ರಸಾದ ಕೇಳಲು ಬರುತ್ತಿದ್ದರು. ನಾನು ದೀಪ ಸರಿಸುತ್ತಿದ್ದೆ. ಆಗ ಹಸಿವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಒಮ್ಮೆ ಬಲದ ಹೂ ಬಿದ್ದವರಿಗೆ ಇನ್ನೊಮ್ಮೆ ಎಡದ್ದು ಬಿದ್ದರೆ ಮೊದಲನೆಯದರ ಮೇಲೆ ಅನುಮಾನ ಬಂದೀತೆಂಬ ಹೆದರಿಕೆ ಇತ್ತು. ಕೊನೆಯ ಸಲ ಕೈ ಏಳಲಿಲ್ಲ, ದೀಪವನ್ನು ನಡುವೆಯೇ ಬಿಟ್ಟೆ. ಆಗಲೂ ಬಲದ ಹೂವೇ ಬಿತ್ತು. ಇದನ್ನು ಓದಿದ ಸಮಿತಿಯ ಹುಡುಗನೊಬ್ಬ ಖುಷಿಯಿಂದ, “ಹಾಗಾದ್ರೆ ದೇವಿ ಮನಸ್ಸಲ್ಲೂ ಅದೇ ಇತ್ತಲ್ಲ ಅಜ್ಜ!” ಎಂದ. ದೇವಿಯ ಮನಸ್ಸಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ನನ್ನ ಮನಸ್ಸಲ್ಲಿ ಏನಿತ್ತೆಂದು ಗೊತ್ತು. ಆ ಕೊನೆಯ ಹೂವನ್ನು ಹಿಡಿದು ನನ್ನನ್ನು ಬಿಡಿಸಲು ಯಾರೂ ಬರಬೇಡಿ.

ಬರಹ ತಿರುಗಿ ಬಂದ ವಾರ ನಾನು ಮಲ್ಲಾಪುರದ ಬಸ್ಸು ಹತ್ತಿದೆ. ಬುದವಂತ ಅಲ್ಲಿ ಮಗನ ಕ್ವಾರ್ಟರ್ಸಿನಲ್ಲಿದ್ದಾನೆ. ಮಗನಿಗೆ ಅಣುಸ್ಥಾವರದಲ್ಲಿ ನೌಕರಿ. ಬುದವಂತನಿಗೆ ಕಿವಿ ಮಂದ, ಹಲ್ಲಿಲ್ಲ, ನಗು ಮಾತ್ರ ಹಾಗೇ ಇದೆ. ಸೊಸೆ ಚಹಾ ತಂದಿಟ್ಟಳು. ನಾನು ಕಪ್ಪು ಎತ್ತುವುದನ್ನೇ ಅವನು ನೋಡುತ್ತಿದ್ದ.

“ಕುಡಿಯಾ ಭಟ್ಟಾ,” ಎಂದ. “ಇಲ್ಲಿ ಬೂದಿ ಸಿಕ್ಕೂದಿಲ್ಲ, ಗ್ಯಾಸಿನ ಒಲೆ.”

ಬೂದಿಯ ಸಂಗತಿ ಅವನಿಗೆ ಹೇಗೆ ಗೊತ್ತಾಯಿತೋ. ಊರಲ್ಲಿ ಎಲ್ಲವೂ ಎಲ್ಲರಿಗೂ ಗೊತ್ತಾಗುತ್ತಿತ್ತು, ದೀಪದ ವಿಷಯ ಒಂದು ಬಿಟ್ಟು. ಅದನ್ನು ಅವನ ಕಿವಿಯ ಹತ್ತಿರ ಬಾಯಿಟ್ಟು ಪೂರ್ತಿ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈದರೆ ಹಗುರಾದೀತು ಎಂದೂ ಇತ್ತು. ಅವನು ತನ್ನ ಚಹಾ ಕುಡಿದು ಮುಗಿಸಿ ಕಪ್ಪು ಕೆಳಗಿಟ್ಟ.

“ನಿಂದು ದೊಡ್ಡ ತಪ್ಪು ಹೇಳಿ ಬಂದೆ ಅಲ್ದಾ?” ಎಂದ ಕಡೆಗೆ. “ನೀ ಸಣ್ಣ ಕಳ್ಳ ಮಾರಾಯ. ದೀಪ ನಡೂಕೆ ಇತ್ತು ಹೇಳೇ ತಿಳ್ಕೊ. ಎಡದ್ದೇ ಬಿತ್ತು, ಮಾಸ್ತರೇ ಆದ್ರು. ಆದ್ರೂ ನಮ್ಮನ್ನ ಯಾರು ಕೇಳಿದ್ರು? ನಮ್ಮಪ್ಪ ಅಂಗಳದಲ್ಲಿ ಮಳೆಲಿ ನಿಂತಿದ್ದ. ‘ಮಾಸ್ತರೆ, ನಮ್ಮ ಓಟು?’ ಹೇಳಿ ಕೇಳ್ದ. ಮಾಸ್ತರು ಕಣ್ಣು ಎತ್ತಲಿಲ್ಲ. ಒಡೆಯರಿಗೂ ನಮಗೂ ಒಂದೇ ಒಂದು ಸಾಮಾನು ಸಮಾ ಇದ್ದಿತ್ತು, ಆ ಓಟು. ಅದನ್ನ ನೀವು ಒಳಗಿದ್ದವ್ರೆಲ್ಲ ಸೇರಿ ಹೂವಿಗೆ ಕೊಟ್ರಿ.”

ಅರವತ್ತೈದು ವರ್ಷ ನಾನು ಒಂದು ಗೇಣಿನ ಪಾಪ ಹೊತ್ತು ತಿರುಗಿದ್ದೆ. ಅದಕ್ಕಿಂತ ದೊಡ್ಡದು ಎಲ್ಲರ ಎದುರಿಗೇ, ಹಾಡುಹಗಲಲ್ಲೇ, ಕೈ ಮುಗಿದುಕೊಂಡೇ ನಡೆದಿತ್ತು.

ಏಳುವಾಗ ಅವನೇ ಕೇಳಿದ. “ಆ ಭವನದ ಕಾರ್ಯಕ್ರಮಕ್ಕೆ ನೀ ಹೋಗ್ತ್ಯಾ?”

“ದೀಪ ಹಚ್ಚುಕೆ ಕರ್ದಿದ್ರು. ಈಗ ಬೇಡ ಹೇಳಿದ್ರೂ ಹೋಗ್ತೆ. ಇದನ್ನ ಓದ್ತೆ.”

“ಮೈಕು ಕಸಕೊಳ್ತ್ರು.”

“ಬಾಯಿ ಉಂಟಲ್ಲ.”

“ಹಾಗಾದ್ರೆ ನಾನೂ ಬತ್ತೆ,” ಎಂದ. “ಮುಂದಿನ ಸಾಲಲ್ಲಿ ಕುರ್ಚಿ ಹಿಡ್ದಿಡು. ಅಂಗಳದಲ್ಲಿ ನಿಲ್ಲುಕೆ ಈಗ ಕಾಲಿಲ್ಲ.”

ಆ ದಿನಗಳು ಚಂದ ಇದ್ದವು ಎಂದು ಬರೆಯುವುದು ರೂಢಿ. ಏಡಿ ಬಿಲದ ಗದ್ದೆ ಈಗ ಹೆದ್ದಾರಿಯ ಕೆಳಗಿದೆ, ಅಬ್ಬಲಿಗೆಯನ್ನು ಪೇಟೆಯಲ್ಲಿ ಮಾಲೆ ಲೆಕ್ಕದಲ್ಲಿ ಕೊಳ್ಳಬೇಕು. ಅವುಗಳಿಗಾಗಿ ನಾನು ಅಳುವುದಿಲ್ಲ. ಅವ್ವಿ ಆಮೇಲೆ ಎಷ್ಟೋ ಸಲ ಓಟು ಹಾಕಿದಳು, ಆದರೆ ಆ ಸೀರೆಯನ್ನು ಮತ್ತೆ ಯಾವತ್ತೂ ಓಟಿಗೆಂದು ಹೊರಗೆ ತೆಗೆಯಲಿಲ್ಲ. ಒಡೆಯರ ಚಿಹ್ನೆ ಯಾವುದೆಂದು ಅಪ್ಪನನ್ನು ಕೇಳಿ, ಅದಕ್ಕೇ ಒತ್ತಿ, ಹಳೆ ಸೀರೆಯಲ್ಲೇ ಮನೆಗೆ ಬಂದು ಗಂಜಿಗೆ ಇಡುತ್ತಿದ್ದಳು. ಮಳೆಗಾಲದ ಒಂದು ಸಂಜೆ, ತಂಬಿಗೆಯ ಕೆಂಡ ಆರದಂತೆ ಊದುತ್ತ ಸೀರೆ ಒತ್ತುತ್ತಿದ್ದ ಹೆಂಗಸೊಬ್ಬಳಿದ್ದಳಲ್ಲ, ಅವಳು ನನ್ನ ಮನೆಯಿಂದ ಹೋದವಳು ತಿರುಗಿ ಬರಲಿಲ್ಲ.

ಹಾಗಾಗಿ ಭವನದಲ್ಲಿ ನಾನು ದೀಪದ ಕಥೆಯನ್ನು ಮೊದಲು ಓದುವುದಿಲ್ಲ. ಮಾಸ್ತರರು ಆ ಮಳೆಯಲ್ಲಿ ಬರೆದುಕೊಂಡ ಹೆಂಗಸರ ಹೆಸರು ನನಗೆ ನೆನಪಿರುವಷ್ಟು ಓದುತ್ತೇನೆ, ಒಂದೊಂದಾಗಿ, ಯಾರ ಹೆಂಡತಿ ಎಂದು ಹೇಳದೆ. ಸುಬ್ಬಮ್ಮ. ಬೀರಮ್ಮ. ಹೊನ್ನಮ್ಮ. ಬುದವಂತನ ತಾಯಿ ಸುಕ್ರಿ. ನಿಲ್ಲಿಸುವವರು ಅಷ್ಟರೊಳಗೆ ನಿಲ್ಲಿಸಿಯಾರು. ಅದಕ್ಕೇ ನಾಗಮ್ಮನ ಹೆಸರನ್ನು ಎಲ್ಲಕ್ಕಿಂತ ಮೊದಲು ಇಟ್ಟಿದ್ದೇನೆ.